ಅಜ್ಜಿ ಪ್ರವಾಸಕ್ಕೆ ಹೋಗಿರಲಿಲ್ಲ

ಕನ್ನಡದಲ್ಲಿ ತೀರಿಹೋದ ಅಜ್ಜಿಯರ ಬಗ್ಗೆ ಬರೆಯಲು ನಮಗೆ ಐದಾರು ಪದ ಸಾಕು. ತ್ಯಾಗಮಯಿ, ಮಮತಾಮಯಿ, ದೈವಭಕ್ತೆ, ಸಹನಾಮೂರ್ತಿ, ಅನ್ನಪೂರ್ಣೆ. ದಿನಪತ್ರಿಕೆಯ ಶ್ರದ್ಧಾಂಜಲಿ ಜಾಹೀರಾತಿನಲ್ಲಿ, ಫೇಸ್‌ಬುಕ್ಕಿನ ನೆನಪಿನ ಬರಹದಲ್ಲಿ, ಕನ್ನಡ ಕೂಟಗಳ ಸ್ಮರಣ ಸಂಚಿಕೆಯಲ್ಲಿ ಇವೇ ಪದಗಳು ಜಾಗ ಅದಲುಬದಲು ಮಾಡಿಕೊಂಡು ಕೂತಿರುತ್ತವೆ. ಅಜ್ಜಿ ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ತೀರಿಕೊಂಡಿದ್ದರೆ ಇನ್ನೊಂದು ಬಿರುದು ಸೇರುತ್ತದೆ: ನಮ್ಮ ಸಂಸ್ಕೃತಿಯ ರಾಯಭಾರಿ. ರಾಯಭಾರಿಗೆ ಸಂಬಳ, ರಜೆ, ವಾಸದ ಮನೆ, ಊರಿಗೆ ವಾಪಸು ಬರುವ ದಿನಾಂಕ ಎಲ್ಲವೂ ಇರುತ್ತವೆ ಎಂಬುದನ್ನು ಆ ಬಿರುದು ಕೊಡುವವರು ಯೋಚಿಸಿದಂತೆ ಕಾಣುವುದಿಲ್ಲ.

ನನ್ನ ತಕರಾರು ಈ ಪದಗಳ ಮೇಲೆ. ಇವು ಸುಳ್ಳು ಎಂದಲ್ಲ. ನಮ್ಮ ಅಜ್ಜಿಯರು ಪ್ರೀತಿಯಿಂದಲೇ ದುಡಿದರು, ಭಕ್ತಿಯಿಂದಲೇ ಬದುಕಿದರು. ಆದರೆ ಈ ಪದಗಳನ್ನು ಬರೆದ ಕೂಡಲೇ ಮುಂದೆ ಕೇಳಬೇಕಾದ ಪ್ರಶ್ನೆಗಳೆಲ್ಲ ನಿಂತುಹೋಗುತ್ತವೆ. ಯಾವ ಕೆಲಸ ಮಾಡಿದಳು? ಎಷ್ಟು ಹೊತ್ತು? ಯಾರಿಗೆ ಬದಲಾಗಿ? ಅವಳಿಗೆ ಏನು ಬೇಕಿತ್ತು, ಅದರಲ್ಲಿ ಏನು ಸಿಕ್ಕಲಿಲ್ಲ? 'ತ್ಯಾಗ' ಎಂದು ಬರೆದರೆ ಬಾಕಿಯ ಲೆಕ್ಕವನ್ನು ಚುಕ್ತಾ ಮಾಡಿದಂತೆ. ಕೊಡಬೇಕಾದದ್ದನ್ನು ಅವಳೇ ಬಿಟ್ಟುಕೊಟ್ಟಳು ಎಂದು ನಾವೇ ಬರೆದುಕೊಂಡು ನಾವೇ ಸಹಿ ಹಾಕುವ ರಸೀದಿ ಅದು.

ಅಮೆರಿಕಕ್ಕೆ ಹೋದ ಕನ್ನಡದ ಅಜ್ಜಿಯರ ಉದಾಹರಣೆಯನ್ನೇ ಇಲ್ಲಿ ಇಟ್ಟುಕೊಳ್ಳುತ್ತೇನೆ. ನನ್ನ ತಾಯಿಯ ತಾಯಿ ಅವರಲ್ಲಿ ಒಬ್ಬಳು. ತಿಪಟೂರು ಸೀಮೆಯ ತೆಂಗಿನ ತೋಟದ ಮನೆಯವಳು. 1999ರಲ್ಲಿ, ತನ್ನ 58ನೇ ವಯಸ್ಸಿನಲ್ಲಿ, ಟೆಕ್ಸಾಸಿನಲ್ಲಿದ್ದ ನನ್ನ ಚಿಕ್ಕಮ್ಮನ ಬಾಣಂತನಕ್ಕೆಂದು ಮೊದಲ ಸಲ ವಿಮಾನ ಹತ್ತಿದಳು. 2002ರಲ್ಲಿ ಚಿಕ್ಕಮ್ಮನ ಎರಡನೇ ಹೆರಿಗೆ, 2006ರಲ್ಲಿ ಅವಳದೇ ಒಂದು ಆಪರೇಷನ್, 2009 ಮತ್ತು 2013ರಲ್ಲಿ ನ್ಯೂಜೆರ್ಸಿಯ ಮಾವನ ಮನೆಯ ಎರಡು ಬಾಣಂತನ. ಅಜ್ಜ ತೀರಿಕೊಂಡ ಮೇಲೆ 2016ರಲ್ಲಿ ಗ್ರೀನ್ ಕಾರ್ಡಿನ ಮೇಲೆ ಹೋದವಳು 2022ರಲ್ಲಿ ಅಲ್ಲೇ ಹೋಗಿಬಿಟ್ಟಳು. ಮೊದಲ ಐದು ಸಲ ಅವಳು ಹೋದದ್ದು ಪ್ರವಾಸಿ ವೀಸಾದ ಮೇಲೆ. ಅಮೆರಿಕದ ಕಾನೂನಿನ ಕಣ್ಣಲ್ಲಿ ಆ ಐದೂ ಸಲ ಅವಳು ಊರು ನೋಡಲು ಬಂದವಳು.

ಅಜ್ಜಿಯ ಹಳೆಯ ಎರಡು ಪಾಸ್‌ಪೋರ್ಟುಗಳ ಮೇಲಿನ ಮುದ್ರೆಗಳನ್ನು ಕೂಡಿದರೆ ಆ ಐದು 'ಪ್ರವಾಸ'ಗಳು 27 ತಿಂಗಳಾಗುತ್ತವೆ. ಸುಮಾರು 820 ದಿನ. ದಿನಕ್ಕೆ ಹತ್ತು ಗಂಟೆ ಎಂದು ಹಿಡಿಯೋಣ. ಬಾಣಂತನ ಮಾಡಿದ ಯಾವ ಹೆಂಗಸನ್ನು ಕೇಳಿದರೂ ಇದು ಕಡಿಮೆಯೇ ಎನ್ನುತ್ತಾಳೆ. 8,200 ಗಂಟೆ. ವಾರಕ್ಕೆ 40 ಗಂಟೆಯ ನೌಕರಿಯ ಲೆಕ್ಕದಲ್ಲಿ ಇದು ನಾಲ್ಕು ವರ್ಷಗಳ ದುಡಿಮೆ. ಮಗುವಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುವುದು, ಬಾಣಂತಿಗೆ ಮೆಣಸಿನ ಸಾರು, ಅಂಟಿನುಂಡೆ, ಬೆಳ್ಳುಳ್ಳಿ ಒಗ್ಗರಣೆ, ರಾತ್ರಿ ಎರಡು ಗಂಟೆಗೆ ಎದ್ದು ಮಗುವನ್ನು ಎತ್ತಿಕೊಂಡು ಓಡಾಡಿಸುವುದು, ಬೆಳಗ್ಗೆ ಆಫೀಸಿಗೆ ಹೋಗುವವರ ಡಬ್ಬಿ, ಇದರ ನಡುವೆ ಮೊದಲ ಮಗುವಿನ ಹಟ. ಈ ನಾಲ್ಕು ವರ್ಷಗಳಿಗೆ ನಮ್ಮ ಮನೆಯ ಶ್ರದ್ಧಾಂಜಲಿಯಲ್ಲಿ ಸಿಕ್ಕ ಜಾಗ ಒಂದೇ ಪದ.

ಇಷ್ಟು ದೂರದಿಂದ ಒಬ್ಬ ಹೆಂಗಸನ್ನು ಕರೆಸಿಕೊಳ್ಳಬೇಕಾದ ಅನಿವಾರ್ಯ ಎಲ್ಲಿಂದ ಬಂತು? ಅಮೆರಿಕದಲ್ಲಿ ಹೆರಿಗೆಗೆ ಸಂಬಳಸಹಿತ ರಜೆ ಕೊಡಬೇಕೆಂಬ ಒಕ್ಕೂಟ ಮಟ್ಟದ ಕಾನೂನು ಖಾಸಗಿ ನೌಕರರಿಗೆ ಇವತ್ತಿಗೂ ಇಲ್ಲ. 1993ರ ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯ್ದೆ ಕೊಡುವುದು 12 ವಾರ, ಅದೂ ಸಂಬಳವಿಲ್ಲದೆ, ಅದೂ 50ಕ್ಕಿಂತ ಕಡಿಮೆ ನೌಕರರಿರುವ ಕಂಪನಿಗೆ ಅನ್ವಯವಾಗದಂತೆ. ನಮ್ಮಲ್ಲಿ 2017ರ ತಿದ್ದುಪಡಿಯ ನಂತರ ಸಂಘಟಿತ ವಲಯದ ಹೆಂಗಸರಿಗೆ ಮೊದಲ ಎರಡು ಮಕ್ಕಳಿಗೆ 26 ವಾರದ ಸಂಬಳಸಹಿತ ರಜೆ ಇದೆ. ಅಲ್ಲಿ 12 ವಾರ ಮುಗಿಯುತ್ತಿದ್ದಂತೆ, ಎಷ್ಟೋ ಮನೆಗಳಲ್ಲಿ ಅದಕ್ಕೂ ಮೊದಲೇ, ತಾಯಿ ಕೆಲಸಕ್ಕೆ ಹೊರಡಬೇಕು. ಡೇಕೇರಿನ ಶುಲ್ಕ ಕೇಳಿದರೆ ಊರಿನವರ ತಲೆ ತಿರುಗುತ್ತದೆ. ಆ ಜಾಗಕ್ಕೆ ಬಂದು ನಿಂತವಳು ಅಜ್ಜಿ. ಒಂದು ಶ್ರೀಮಂತ ದೇಶದ ಕಾನೂನಿನಲ್ಲಿರುವ ತೂತನ್ನು ತಿಪಟೂರಿನ ಹೆಂಗಸೊಬ್ಬಳ ಮಂಡಿಚಿಪ್ಪುಗಳು ಮುಚ್ಚಿದವು. ನಾವದನ್ನು ಅವಳ ಸ್ವಭಾವ ಎಂದು ಕರೆದೆವು.

ಈ ವ್ಯವಸ್ಥೆಗೆ ಎಷ್ಟು ನಾಜೂಕಾದ ಲೆಕ್ಕಾಚಾರವಿದೆ ಎಂಬುದು ವಲಸೆ ಹೋದ ಎಲ್ಲ ಮನೆಗಳಿಗೂ ಗೊತ್ತು. ಪ್ರವಾಸಿ ವೀಸಾದ ಮೇಲೆ ಒಂದು ಸಲಕ್ಕೆ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ. ಹೆರಿಗೆಯ ದಿನ ನೋಡಿಕೊಂಡು ಮೊದಲ ಆರು ತಿಂಗಳು ಸೊಸೆಯ ತಾಯಿ, ಮುಂದಿನ ಆರು ತಿಂಗಳು ಮಗನ ತಾಯಿ. ಒಬ್ಬಳು ಇಳಿಯುವ ವಾರ ಇನ್ನೊಬ್ಬಳು ಹತ್ತುತ್ತಾಳೆ. ಮಗುವಿಗೆ ಒಂದು ವರ್ಷ ತುಂಬುತ್ತದೆ. ಕಾರ್ಖಾನೆಯಲ್ಲಿ ಇದಕ್ಕೆ ಪಾಳಿ ಎನ್ನುತ್ತಾರೆ. ಪ್ರಯಾಣಕ್ಕೆ ವ್ಹೀಲ್‌ಚೇರ್ ಬುಕ್ ಮಾಡುತ್ತಾರೆ, ಕಾಲಿಗೆ ಶಕ್ತಿಯಿಲ್ಲವೆಂದಲ್ಲ. ಇಂಗ್ಲಿಷ್ ಬಾರದವಳನ್ನು ಒಂದು ವಿಮಾನದಿಂದ ಇನ್ನೊಂದಕ್ಕೆ ಕೈಹಿಡಿದು ದಾಟಿಸಲು ಒಬ್ಬರು ಸಿಗಲಿ ಎಂದು. ತೋಟದಲ್ಲಿ ಬಿದ್ದ ಕಾಯಿ ಆಯ್ದು ಮಂಕರಿಯಲ್ಲಿ ಹೊತ್ತು ತರುತ್ತಿದ್ದವಳು ವಿಮಾನ ನಿಲ್ದಾಣದಲ್ಲಿ ಗಾಲಿ ಕುರ್ಚಿಯ ಮೇಲೆ ಕೂರುತ್ತಾಳೆ. ಚೀಲದಲ್ಲಿ ಬಾಣಂತಿ ಖಾರದ ಪುಡಿ, ಕೊಬ್ಬರಿ, ಬಜೆಯ ಜೊತೆಗೆ ಆರು ತಿಂಗಳಿಗಾಗುವಷ್ಟು ಸಕ್ಕರೆ ಕಾಯಿಲೆಯ, ಬಿಪಿಯ ಮಾತ್ರೆಗಳು. ಪ್ರವಾಸಿಗರಿಗೆ ಮಾರುವ ವಿಮೆ ಸಾಮಾನ್ಯವಾಗಿ ಮೊದಲಿನಿಂದ ಇರುವ ಕಾಯಿಲೆಗೆ ದುಡ್ಡು ಕೊಡುವುದಿಲ್ಲ. ಆದ್ದರಿಂದ ಅಜ್ಜಿಯ ಹಲ್ಲುನೋವು ಊರಿಗೆ ಬರುವ ತನಕ ಕಾಯಬೇಕು. 2009ರಲ್ಲಿ ಅದು ಮೂರೂವರೆ ತಿಂಗಳು ಕಾಯಿತು. ಲವಂಗ ಕಚ್ಚಿಕೊಂಡು ಕೆಲಸ ಮಾಡಿದಳು.

ಸಮಾಜಶಾಸ್ತ್ರದ ವಿದ್ಯಾರ್ಥಿಗಳಿಗೆ ಆರ್ಲಿ ಹಾಕ್‌ಶೀಲ್ಡ್ 2000ದ ಹೊತ್ತಿಗೆ ಬಳಕೆಗೆ ತಂದ 'ಜಾಗತಿಕ ಆರೈಕೆ ಸರಪಳಿ' ಎಂಬ ಪರಿಕಲ್ಪನೆ ಗೊತ್ತಿರುತ್ತದೆ. ಬಡ ದೇಶದ ತಾಯಿ ತನ್ನ ಮಕ್ಕಳನ್ನು ಇನ್ನೊಬ್ಬರ ಕೈಗೆ ಬಿಟ್ಟು ಶ್ರೀಮಂತ ದೇಶದ ಮಕ್ಕಳನ್ನು ನೋಡಿಕೊಳ್ಳಲು ಹೋಗುತ್ತಾಳೆ, ಅವಳ ಮಕ್ಕಳನ್ನು ಅವಳಿಗಿಂತ ಬಡವಳೊಬ್ಬಳು ನೋಡಿಕೊಳ್ಳುತ್ತಾಳೆ. ಫಿಲಿಪೀನ್ಸಿನ ದಾದಿಯರ ಉದಾಹರಣೆಯೊಡನೆ ಇದನ್ನು ಪಾಠ ಮಾಡುವುದು ರೂಢಿ. ನಮ್ಮ ಮನೆಯ ಸರಪಳಿ ಹೀಗಿತ್ತು: 2002ರಲ್ಲಿ ಅಜ್ಜಿ ಟೆಕ್ಸಾಸಿನಲ್ಲಿದ್ದಾಗಲೇ ತಿಪಟೂರಿನಲ್ಲಿ ನನ್ನ ತಮ್ಮ ಹುಟ್ಟಿದ. ನನ್ನ ಅಮ್ಮನ ಬಾಣಂತನಕ್ಕೆ ಹಕ್ಕಿನ ತಾಯಿ ಇರಲಿಲ್ಲ. ಪಕ್ಕದ ಹಳ್ಳಿಯ ಒಬ್ಬಾಕೆಯನ್ನು ಸಂಬಳಕ್ಕೆ ಗೊತ್ತು ಮಾಡಿದರು. ಆಕೆಯೇ ಅಜ್ಜನಿಗೂ ಅಡುಗೆ ಮಾಡಿ ಹಾಕಿದರು. ತಿಂಗಳ ಕೊನೆಗೆ ಅಜ್ಜ ಎಣಿಸಿ ದುಡ್ಡು ಕೊಡುತ್ತಿದ್ದರು, ಬೆಳೆ ಕೊಯ್ಲಾದಾಗ ಒಂದು ಚೀಲ ರಾಗಿ ಬೇರೆ. ಒಂದೇ ಕೆಲಸ, ಒಂದೇ ಮನೆಯ ಎರಡು ಬಾಣಂತನ. ತಿಪಟೂರಿನಲ್ಲಿ ಅದು ಕೂಲಿಯ ಕೆಲಸ, ಟೆಕ್ಸಾಸಿನಲ್ಲಿ ತ್ಯಾಗ.

ಗ್ರೀನ್ ಕಾರ್ಡ್ ಸಿಕ್ಕಮೇಲೆ ಸ್ಥಿತಿ ಬದಲಾಗುತ್ತದೆ ಎಂದುಕೊಳ್ಳಬೇಡಿ. 21 ವರ್ಷ ದಾಟಿದ ಪ್ರಜೆ ತನ್ನ ತಂದೆತಾಯಿಯನ್ನು ವಾರ್ಷಿಕ ಮಿತಿಯ ಸರದಿಗೆ ಕಾಯದೆ ಕರೆಸಿಕೊಳ್ಳಬಹುದು. 1965ರ ವಲಸೆ ಕಾನೂನು ತೆರೆದ ಬಾಗಿಲು ಅದು. ಆದರೆ ಬಾಗಿಲು ದಾಟಿದ ಮೇಲೆ ಅಲ್ಲಿನ ಸರಕಾರ ದುಡಿಮೆಯನ್ನು ಅಳೆಯುವ ರೀತಿಯೊಂದಿದೆ. 65 ದಾಟಿದವರಿಗೆ ಮೆಡಿಕೇರ್‌ನ ಆಸ್ಪತ್ರೆ ವಿಮೆ ಕಂತಿಲ್ಲದೆ ಸಿಗಬೇಕಾದರೆ ಅವರೋ ಅವರ ಗಂಡನೋ ತೆರಿಗೆ ಕಟ್ಟುತ್ತ 40 ತ್ರೈಮಾಸಿಕ, ಅಂದರೆ ಸುಮಾರು 10 ವರ್ಷ, ದುಡಿದಿರಬೇಕು. ಇಲ್ಲವಾದರೆ ಐದು ವರ್ಷ ಅಲ್ಲೇ ಖಾಯಂ ವಾಸವಿದ್ದು ಆಮೇಲೆ ಕಂತು ಕಟ್ಟಿ ಕೊಳ್ಳಬೇಕು. ಮಗನ ದುಡಿಮೆ ಈ ಲೆಕ್ಕಕ್ಕೆ ಬರುವುದಿಲ್ಲ. ಆ ಮಗನೂ ಸೊಸೆಯೂ ದುಡಿಯಲು ಹೋಗುವಂತೆ ಮಾಡಿದ ಅಜ್ಜಿಯ ಕೆಲಸವಂತೂ ಬರುವುದೇ ಇಲ್ಲ. ಆ ಕಡತದಲ್ಲಿ ಅವಳ ತ್ರೈಮಾಸಿಕಗಳ ಸಂಖ್ಯೆ ಸೊನ್ನೆ. ಪೌರತ್ವಕ್ಕೆ ಇಂಗ್ಲಿಷ್ ಪರೀಕ್ಷೆಯಿಂದ ವಯಸ್ಸಿನ ವಿನಾಯಿತಿ ಬೇಕೆಂದರೆ 55 ದಾಟಿದವರು 15 ವರ್ಷ ಖಾಯಂ ನಿವಾಸಿಯಾಗಿರಬೇಕು. 75ರಲ್ಲಿ ಹೋದವಳಿಗೆ ಅದು 90ರಲ್ಲಿ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಮುಂಗಡ ಅನುಮತಿಯಿಲ್ಲದೆ ಊರಲ್ಲಿ ಉಳಿದರೆ ಕಾರ್ಡ್ ಕೈತಪ್ಪುವ ಭಯ. ಹೀಗಾಗಿ ಊರು ಅವಳಿಗೆ ರಜೆಗೆ ಹೋಗುವ ಜಾಗವಾಯಿತು.

ಇನ್ನು ಭಕ್ತಿಯ ಮಾತು. ನಮ್ಮ ಅಜ್ಜಿ ನಿಜಕ್ಕೂ ಭಕ್ತೆ. ಲಿಂಗಾಯತರ ಮನೆ. ಬೆಳಗ್ಗೆ ಸ್ನಾನ ಮಾಡಿ ವಿಭೂತಿ ಧರಿಸಿ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನಕ್ಕೆ ಕಾರಿನಲ್ಲಿ ಕರೆದುಕೊಂಡು ಹೋದ ಫೋಟೋ ನಮ್ಮ ಮನೆಯಲ್ಲಿದೆ, ನ್ಯೂಯಾರ್ಕಿನ ಫ್ಲಶಿಂಗ್‌ನ ಗಣಪತಿ ದೇವಸ್ಥಾನದ ಮುಂದಿನದೂ ಇದೆ. 1970ರ ದಶಕದಲ್ಲಿ ಎದ್ದ ಆ ಎರಡು ದೇವಸ್ಥಾನಗಳು ವಲಸಿಗರಿಗೆ ಎಷ್ಟು ಮುಖ್ಯ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಜ್ಜಿಗೆ ದೇವರನ್ನು ನೋಡಲು ಆರು ಗಂಟೆ ಕಾರಲ್ಲಿ ಕೂರುವ ಅಗತ್ಯವೇ ಇರಲಿಲ್ಲ. ಅವಳ ದೇವರು ಕೊರಳಲ್ಲಿದ್ದ. ವಲಸೆ ಹೋಗುವವರಿಗೆ ಇದಕ್ಕಿಂತ ಹಗುರವಾದ ದೇವರು ಸಿಗಲಾರ. ಅವಳು ಕೇಳಿದ್ದು ಬೇರೆ.

2019ರ ಜನವರಿ 21ರಂದು ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾದರು. ಅವರಿಗೆ 111 ವರ್ಷ. ತುಮಕೂರು ಜಿಲ್ಲೆಯ ಮನೆಗಳಿಗೆ ಆ ಮಠ ಏನು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಅಜ್ಜಿಯ ಇಬ್ಬರು ತಮ್ಮಂದಿರು ಓದಿದ್ದು ಅಲ್ಲಿ ಊಟ ಮಾಡಿ. ನ್ಯೂಜೆರ್ಸಿಯಲ್ಲಿ ಕೂತು ಫೋನಿನಲ್ಲಿ ಆ ಜನಸಾಗರವನ್ನು ನೋಡುತ್ತ ಅವಳು ಕೇಳಿದ್ದು ಒಂದೇ: ಅಂತ್ಯಸಂಸ್ಕಾರಕ್ಕಂತೂ ಆಗಲಿಲ್ಲ, ಪುಣ್ಯಾರಾಧನೆಗಾದರೂ ಕಳಿಸಿ. ಕಾರ್ಡ್ ಇತ್ತು, ಪಾಸ್‌ಪೋರ್ಟ್ ಇತ್ತು, ಟಿಕೆಟ್ಟಿಗೆ ದುಡ್ಡು ಮನೆಯಲ್ಲಿತ್ತು. ಇಲ್ಲದಿದ್ದದ್ದು ಮಧ್ಯಾಹ್ನ ಮೂರಕ್ಕೆ ಶಾಲೆಯ ಬಸ್ಸಿನಿಂದ ಇಳಿಯುವ ಇಬ್ಬರು ಮಕ್ಕಳನ್ನು ಮನೆಗೆ ಕರೆದುಕೊಳ್ಳುವ ಇನ್ನೊಬ್ಬರು. ಬೇಸಿಗೆ ರಜೆಯಲ್ಲಿ ಹೋಗೋಣ ಎಂದರು. ಬೇಸಿಗೆಯಲ್ಲಿ ಹೋದಳು, ಗದ್ದುಗೆಗೆ ನಮಸ್ಕಾರ ಮಾಡಿದಳು. ಆದರೆ ಆ ಜನವರಿಯ ವಾರ ಅವಳು ನನಗೆ ಫೋನಿನಲ್ಲಿ ಹೇಳಿದ ಮಾತು ಬೇರೆ: "ಇಲ್ಲಿ ಎಲ್ಲಾ ಐತೆ ಕಣವ್ವ. ನಂಗೆ ಅಂತ ಒಂದ್ ದಿನ ಇಲ್ಲ." ಮೂರು ವರ್ಷದ ನಂತರ ಅದೇ ಮನೆಯವರು ಅವಳ ಫೋಟೋದ ಕೆಳಗೆ 'ದೈವಭಕ್ತೆ' ಎಂದು ಬರೆಸಿದರು. ಭಕ್ತಿಯನ್ನು ಹೊಗಳಿದ ಮನೆ ಭಕ್ತಿಗೆ ಎರಡು ವಾರದ ರಜೆ ಕೊಟ್ಟಿರಲಿಲ್ಲ.

ಮಾವನನ್ನು ಕೆಟ್ಟವನೆಂದು ತೋರಿಸುವುದು ನನ್ನ ಉದ್ದೇಶವಲ್ಲ. ವೀಸಾದ ಭಯದಲ್ಲಿ ವರ್ಷಗಟ್ಟಲೆ ಬದುಕಿದವನು ಅವನು. ಕೆಲಸ ಹೋದರೆ ದೇಶವೇ ಹೋದೀತು ಎಂಬ ಆತಂಕ ಏನೆಂದು ಅವನಿಗೆ ಗೊತ್ತು. ಅವನ ಕೈಯಲ್ಲೂ ಬಿಡುವು ಇರಲಿಲ್ಲ. ನನ್ನ ಜಗಳ ಆ ಬಿಡುವಿಲ್ಲದ ವ್ಯವಸ್ಥೆಯ ಜೊತೆಗೂ, ಅದನ್ನು ಮುಚ್ಚಿಡುವ ನಮ್ಮ ನುಡಿಗಟ್ಟಿನ ಜೊತೆಗೂ.

ಹೀಗೆ ಹೇಳಿದ ಕೂಡಲೇ ಮೂರು ಆಕ್ಷೇಪಗಳು ಬರುತ್ತವೆ. ಮೊದಲನೆಯದು: ಪ್ರೀತಿಗೆ ಲೆಕ್ಕ ಹಾಕುವುದು ಎಂಥ ಸಣ್ಣತನ? ಅವಳೇ ಸಂತೋಷದಿಂದ ಮಾಡಿದಳಲ್ಲ? ಹೌದು, ಮೊಮ್ಮಕ್ಕಳನ್ನು ಎತ್ತಿಕೊಂಡಾಗ ಅವಳಿಗಾದ ಸಂತೋಷಕ್ಕೆ ನಾನೂ ಸಾಕ್ಷಿ. ಆದರೆ ಸಂತೋಷದಿಂದ ಮಾಡಿದ ಕೆಲಸ ಕೆಲಸವಲ್ಲ ಎಂಬ ನಿಯಮ ಎಲ್ಲಿದೆ? ಪಾಠ ಮಾಡುವುದನ್ನು ಪ್ರೀತಿಸುವ ಮೇಷ್ಟರು ತಿಂಗಳ ಸಂಬಳ ತೆಗೆದುಕೊಳ್ಳುತ್ತಾರೆ, ಅದರಿಂದ ಅವರ ಪ್ರೀತಿ ಕಡಿಮೆಯಾಯಿತೆಂದು ಯಾರೂ ಹೇಳುವುದಿಲ್ಲ. ಕೇಂದ್ರದ ಅಂಕಿಅಂಶ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಪ್ರೀತಿ ಎಂಬುದು ಇಷ್ಟು ಕರಾರುವಾಕ್ಕಾಗಿ ಒಂದೇ ಕಡೆಗೆ ಮೂರು ಪಟ್ಟು ಹರಿಯುತ್ತದೆ ಎಂದರೆ ನಂಬುವುದು ಕಷ್ಟ.

ಎರಡನೆಯದು: ಅವಳಿಗೆ ಏನು ಕಡಿಮೆ ಮಾಡಿದ್ದೆವು? ನಯಾಗರ ತೋರಿಸಿದೆವು, ಡಿಸ್ನಿ ವರ್ಲ್ಡ್ ತೋರಿಸಿದೆವು, ಸ್ವೆಟರ್, ಶೂ, ಐಪ್ಯಾಡ್ ಕೊಡಿಸಿದೆವು. ಇದು ಕೂಡ ಲೆಕ್ಕವೇ ಎಂಬುದನ್ನು ಗಮನಿಸಿ. ಅಜ್ಜಿಗೆ ಕೊಟ್ಟದ್ದು ನಮಗೆ ದಿನಾಂಕ ಸಮೇತ ನೆನಪಿರುತ್ತದೆ, ಫೋಟೋ ಸಮೇತ ಸಿಗುತ್ತದೆ. ಅಜ್ಜಿ ಕೊಟ್ಟದ್ದನ್ನು ಮಾತ್ರ ಎಣಿಸಬಾರದು. ವಲಸೆಯ ಆಲ್ಬಮ್ಮುಗಳಲ್ಲಿ ಅಜ್ಜಿ ಯಾವಾಗಲೂ ಜಲಪಾತದ ಮುಂದೆ, ದೇವಸ್ಥಾನದ ಮುಂದೆ, ಮಂಜಿನಲ್ಲಿ ಸೀರೆಯ ಮೇಲೆ ಕೋಟು ಹಾಕಿಕೊಂಡು ನಿಂತಿರುತ್ತಾಳೆ. 820 ದಿನಗಳಲ್ಲಿ ಅವಳು ನಿಜವಾಗಿ ನಿಂತಿದ್ದ ಜಾಗ ಒಲೆಯ ಮುಂದೆ. ಆ ಫೋಟೋ ನಮ್ಮ ಮನೆಯಲ್ಲಿ ಒಂದೂ ಇಲ್ಲ.

ಮೂರನೆಯ ಆಕ್ಷೇಪ ಸಾಹಿತ್ಯದ ಗೋಷ್ಠಿಗಳಲ್ಲಿ ಹೆಚ್ಚು ಕೇಳಿಬರುವಂಥದ್ದು, ಆದ್ದರಿಂದ ಅದರ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ದುಡಿಮೆಯ ಹೆಸರಿನಲ್ಲಿ, ಗಂಟೆಯ ಲೆಕ್ಕದಲ್ಲಿ ಅಜ್ಜಿಯನ್ನು ನೋಡುವುದು ಪಶ್ಚಿಮದಿಂದ ತಂದ ಕನ್ನಡಕ. ನಮ್ಮ ಪರಂಪರೆ ಸೇವೆಯನ್ನು ಹಾಗೆ ಅಳೆಯುವುದಿಲ್ಲ, ನಮ್ಮಲ್ಲಿ ಭಕ್ತಿ ಲೆಕ್ಕ ಕೇಳುವುದಿಲ್ಲ ಎಂಬ ವಾದ. ಯಾವ ಪರಂಪರೆ? ಕನ್ನಡದ ಭಕ್ತಿ ಪರಂಪರೆಯ ನಡುಮನೆಯಲ್ಲೇ ಇರುವ ಹೆಸರುಗಳನ್ನು ಒಮ್ಮೆ ಓದಿ. ಕೊಟ್ಟಣದ ಸೋಮಮ್ಮ: ಭತ್ತ ಕುಟ್ಟುವವಳು. ಕದಿರ ರೆಮ್ಮವ್ವೆ: ನೂಲುವವಳು. ಆಯ್ದಕ್ಕಿ ಲಕ್ಕಮ್ಮ: ಅಕ್ಕಿ ಆಯುವವನ ಹೆಂಡತಿ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ. 12ನೇ ಶತಮಾನದ ಶರಣರು ತಮ್ಮ ಭಕ್ತರನ್ನು ನೆನಪಿಟ್ಟುಕೊಂಡದ್ದು ಅವರು ಮಾಡುತ್ತಿದ್ದ ಕೆಲಸದಿಂದ. ಕೆಲಸ ಮೊದಲು ಬರುತ್ತದೆ, ಹೆಸರು ಆಮೇಲೆ. ಸೋಮಮ್ಮನನ್ನು ಅವರು ತ್ಯಾಗಮಯಿ ಎನ್ನಲಿಲ್ಲ. ಅವಳು ಏನು ಕುಟ್ಟುತ್ತಿದ್ದಳು ಎಂಬುದನ್ನು ಹೆಸರಿಗೇ ಕಟ್ಟಿದರು. ಎಂಟು ನೂರು ವರ್ಷ ದಾಟಿದರೂ ಆ ಒನಕೆ ಕೆಳಗಿಳಿದಿಲ್ಲ.

ಲಕ್ಕಮ್ಮನ ಕಥೆ ಇನ್ನೂ ನೇರ. ಗಂಡ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅವಳು ಮೆಚ್ಚಲಿಲ್ಲ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದಳು. ಅಂದರೆ ಅವಳ ಭಕ್ತಿಗೆ ಅಳತೆ ಇತ್ತು. ಎಷ್ಟು ದುಡಿಯಬೇಕು, ಎಷ್ಟು ತರಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಹೇಳುವ ಅಧಿಕಾರ ಅವಳಿಗಿತ್ತು. ಭಕ್ತಿ ಲೆಕ್ಕ ಕೇಳುವುದಿಲ್ಲ ಎನ್ನುವವರು ಕನ್ನಡದ ಭಕ್ತೆಯರನ್ನು ಓದಿಲ್ಲ. ಮಾರಯ್ಯನಿಗೆ ಬುದ್ಧಿ ಹೇಳಿದ ಲಕ್ಕಮ್ಮನ ಜಾಗದಲ್ಲಿ, ಮಾತಾಡದೆ ಬಡಿಸುವ ಒಬ್ಬ ಅನ್ನಪೂರ್ಣೆಯನ್ನು ಕೂರಿಸಿ ಅದನ್ನೇ ಪರಂಪರೆ ಎಂದು ಕರೆಯುತ್ತಿದ್ದೇವೆ.

ವಲಸೆಯ ಮಾತನ್ನೂ ಅಲ್ಲಿಂದಲೇ ಶುರು ಮಾಡಬಹುದು. ಕಲ್ಯಾಣ ವಲಸೆ ಬಂದವರ ಊರು. ಲಕ್ಕಮ್ಮ ಮತ್ತು ಮಾರಯ್ಯ ಲಿಂಗಸುಗೂರಿನ ಬಳಿಯ ಅಮರೇಶ್ವರದಿಂದ ಬಂದವರು. ಮೋಳಿಗೆ ಮಾರಯ್ಯ ಮತ್ತು ಮಹಾದೇವಮ್ಮ ಕಾಶ್ಮೀರದ ರಾಜ ರಾಣಿಯಾಗಿದ್ದವರು, ಎಲ್ಲ ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರಿ ಬದುಕಿದರು ಎಂದು ಐತಿಹ್ಯ. ಪರಊರಿನಿಂದ ಬಂದ ಭಕ್ತೆಯೊಬ್ಬಳನ್ನು ಹೇಗೆ ನೆನಪಿಟ್ಟುಕೊಳ್ಳಬೇಕು ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಹಳೆಯ ಮಾದರಿ ಬೇಕಿಲ್ಲ. ಅವಳ ಹೆಸರಿನ ಮುಂದೆ ಕಾಶ್ಮೀರ ಉಳಿಯಲಿಲ್ಲ, ರಾಣಿತನವೂ ಉಳಿಯಲಿಲ್ಲ. ಉಳಿದದ್ದು ಮೋಳಿಗೆ. ಕಟ್ಟಿಗೆಯ ಹೊರೆ.

ಹೋಲಿಸಿದರೆ ನಮ್ಮ ಇಂದಿನ ವಲಸೆ ಬರಹ ಎಷ್ಟು ಬಡವಾಗಿದೆ! ಕನ್ನಡದಲ್ಲಿ ಅಮೆರಿಕ ಪ್ರವಾಸ ಕಥನಗಳ ಒಂದು ದೊಡ್ಡ ಸಾಲೇ ಇದೆ. 'ಅಮೆರಿಕದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರ ಲವಲವಿಕೆಯ ಮುಂದೆ ನನಗೆ ತಕರಾರಿಲ್ಲ. ಆದರೆ ಅದರ ನಂತರ ಮಕ್ಕಳ ಮನೆಗೆ ಹೋಗಿಬಂದ ಎಷ್ಟು ಜನ ನಿವೃತ್ತ ಗಂಡಸರು ಅಂಥದೇ ಪುಸ್ತಕ ಬರೆದರು ಎಂದು ಯಾವುದೇ ಗ್ರಂಥಾಲಯದ ಪ್ರವಾಸ ಸಾಹಿತ್ಯದ ಕಪಾಟಿನ ಮುಂದೆ ನಿಂತು ನೋಡಿ. ಗಂಡ ಹೆಂಡತಿ ಒಂದೇ ವಿಮಾನದಲ್ಲಿ ಹೋಗಿರುತ್ತಾರೆ. ಅವರು ವಸ್ತುಸಂಗ್ರಹಾಲಯ ನೋಡಿ ಬರೆದರು, ಇವರು ಬಾಣಂತನ ಮುಗಿಸಿ ಬಂದರು. ಪುಸ್ತಕದ ಅರ್ಪಣೆಯ ಪುಟದಲ್ಲಿ ಇವರ ಹೆಸರು ಬರುತ್ತದೆ.

ಇಂಗ್ಲಿಷಿನ ವಲಸೆ ಕಥೆಗಳಲ್ಲೂ ಅಜ್ಜಿ ಸಾಮಾನ್ಯವಾಗಿ ಒಂದು ವಾಸನೆ, ಒಂದು ಸೆರಗು, ಒಂದು ತಿಂಡಿ. ಮೊಮ್ಮಗ ತನ್ನ ಬೇರನ್ನು ಹುಡುಕಲು ಬಳಸುವ ದಾರಿ. ಆದರೆ ಹಾಗಲ್ಲದ ಉದಾಹರಣೆಗಳೂ ಇವೆ. ಜುಂಪಾ ಲಾಹಿರಿಯ 1999ರ ಮೊದಲ ಸಂಕಲನದಲ್ಲಿ ಮಿಸೆಸ್ ಸೇನ್ ಎಂಬ ಹೆಂಗಸಿನ ಕಥೆಯಿದೆ. ಅವಳು ಅಜ್ಜಿಯಲ್ಲ, ಸಂಬಳಕ್ಕೆ ಒಬ್ಬ ಅಮೆರಿಕನ್ ಹುಡುಗನನ್ನು ನೋಡಿಕೊಳ್ಳುವವಳು. ನೆಲದ ಮೇಲೆ ಕೂತು ಈಳಿಗೆಮಣೆಯಂಥ ಕತ್ತಿಯಲ್ಲಿ ತರಕಾರಿ ಹೆಚ್ಚುವ ಅವಳ ಕೈ, ಮೀನಿಗಾಗಿ ಅವಳ ಹಂಬಲ, ಕಾರು ಓಡಿಸಲು ಅವಳಿಗಿರುವ ಭಯ ಕಥೆಯಲ್ಲಿ ಎದ್ದು ಕಾಣುತ್ತವೆ, ಏಕೆಂದರೆ ಲೇಖಕಿ ಅವಳನ್ನು ಕೊಂಡಾಡುವುದಿಲ್ಲ, ಅವಳ ದಿನವನ್ನು ನೋಡುತ್ತಾಳೆ. 2020ರ 'ಮಿನಾರಿ' ಚಿತ್ರದಲ್ಲಿ ಕೊರಿಯಾದಿಂದ ಅರ್ಕಾನ್ಸಾಸಿಗೆ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬರುವ ಅಜ್ಜಿ ಇಸ್ಪೀಟು ಆಡುತ್ತಾಳೆ, ಬೈಯುತ್ತಾಳೆ. ನೀನು ನಿಜವಾದ ಅಜ್ಜಿಯ ಹಾಗಿಲ್ಲ ಎಂದು ಮೊಮ್ಮಗನೇ ಹೇಳುತ್ತಾನೆ. ಆ ಪಾತ್ರಕ್ಕೆ ಯುನ್ ಯೂ ಜಂಗ್ 2021ರಲ್ಲಿ ಆಸ್ಕರ್ ಪಡೆದರು. ನಿಜವಾದ ಅಜ್ಜಿಯ ಹಾಗಿಲ್ಲದ ಅಜ್ಜಿಯರು ನಮ್ಮ ಮನೆಗಳಲ್ಲೂ ಇದ್ದರು. ನಮ್ಮ ಅಜ್ಜಿ ಸೊಸೆಯ ಅಡುಗೆಯನ್ನು ಮುಖದ ಮೇಲೆ ಬೈಯುತ್ತಿದ್ದಳು, ಚೀಟಿ ವ್ಯವಹಾರದಲ್ಲಿ ಅಜ್ಜನಿಗಿಂತ ಚುರುಕಾಗಿದ್ದಳು, ತೋಟದ ಮೇಲೆ ಸಾಲ ಮಾಡಬೇಡಿ ಎಂದು ಗಂಡನ ಜೊತೆ ಎರಡು ವರ್ಷ ಜಗಳ ಆಡಿ ಗೆದ್ದಿದ್ದಳು. ಸಹನಾಮೂರ್ತಿ ಎಂಬ ಪದಕ್ಕೆ ಇವೆಲ್ಲ ಹಿಡಿಸುವುದಿಲ್ಲ. ಹಾಗಾಗಿ ಅವು ಬರಹಕ್ಕೆ ಬರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಸಾಹಿತ್ಯದ ವಿದ್ಯಾರ್ಥಿಗಳಾದ ನಮ್ಮ ಕೈಯಲ್ಲಿರುವುದು ಬರಹ. ಅಜ್ಜಿಯ ಬಗ್ಗೆ ಬರೆಯಲು ಕೂತಾಗ ವಿಶೇಷಣಗಳನ್ನು ಒಂದು ಕಡೆ ಇಟ್ಟು ಕ್ರಿಯಾಪದಗಳಿಂದ ಶುರು ಮಾಡೋಣ. ಅವಳ ಪಾಸ್‌ಪೋರ್ಟು, ಮಾತ್ರೆಯ ಚೀಟಿ, ವಿಮಾನ ನಿಲ್ದಾಣದಲ್ಲಿ ತೋರಿಸಲೆಂದು ಮಗಳು ದಪ್ಪ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಟ್ಟ ಹಾಳೆ, ಚೀಟಿಯ ಲೆಕ್ಕದ ಪುಸ್ತಕ, ಇವೆಲ್ಲ ದಾಖಲೆಗಳು. ಮನೆ ಖಾಲಿ ಮಾಡುವಾಗ ಇವನ್ನು ಎಸೆದು ಬೆಳ್ಳಿ ಕುಂಕುಮದ ಬಟ್ಟಲನ್ನು ಮಾತ್ರ ಇಟ್ಟುಕೊಳ್ಳುವುದು ನಮ್ಮ ಅಭ್ಯಾಸ. ದಕ್ಷಿಣ ಏಷ್ಯಾದ ಅಮೆರಿಕನ್ನರ ಇಂಥ ಕಾಗದಪತ್ರಗಳನ್ನು ಕೂಡಿಡುವ 'ಸಾದಾ' ಎಂಬ ಡಿಜಿಟಲ್ ಸಂಗ್ರಹ 2008ರಿಂದ ಇದೆ. ಕನ್ನಡದ ಅಜ್ಜಿಯರ ಮಾತನ್ನು ಕನ್ನಡದಲ್ಲೇ ಕೂಡಿಡುವ ಕೆಲಸವನ್ನು ಕನ್ನಡ ಕೂಟಗಳು ಮಾಡಬಹುದು. ಸಮ್ಮೇಳನದ ವೇದಿಕೆಯಲ್ಲಿ ಹಿರಿಯರಿಗೆ ಶಾಲು ಹೊದಿಸುವ ಹತ್ತು ನಿಮಿಷದ ಬದಲು ಅವರ ಮುಂದೆ ರೆಕಾರ್ಡರ್ ಇಟ್ಟು ಒಂದು ಗಂಟೆ ಕೂರಬಹುದು. ಬೀಸುವ ಕಲ್ಲಿನ ಮುಂದೆ ಹಾಡುತ್ತ ತಮ್ಮ ದುಡಿಮೆಯನ್ನೂ ಅತ್ತೆಯ ಮನೆಯನ್ನೂ ಎದುರಿಗಿಟ್ಟು ಮಾತಾಡಿದ ಹೆಂಗಸರ ಮಕ್ಕಳು ಇವರು. ಕೇಳಿದರೆ ಹೇಳುತ್ತಾರೆ.

ತೀರಿಹೋದವರಿಗೆ ಇಷ್ಟು. ಇರುವವರ ಲೆಕ್ಕ ಬೇರೆ. ಈ ವಾರವೂ ತಿಪಟೂರಿನಲ್ಲೋ ಹಾಸನದಲ್ಲೋ ಧಾರವಾಡದಲ್ಲೋ ಒಬ್ಬಳು 23 ಕಿಲೋದ ಎರಡು ಸೂಟ್‌ಕೇಸುಗಳನ್ನು ತೂಕ ಮಾಡಿಸುತ್ತಿರುತ್ತಾಳೆ. ಅವಳನ್ನು ಕರೆಸಿಕೊಳ್ಳುವ ಮಕ್ಕಳು ಓದುತ್ತಿದ್ದರೆ ಅವರಿಗೆ ನಾಲ್ಕು ಮಾತು. ವಾಪಸು ಟಿಕೆಟ್ಟಿನ ದಿನಾಂಕವನ್ನು ಅವಳು ಹೇಳಲಿ. ಹಲ್ಲುನೋವಿಗೂ ಡಾಕ್ಟರ ಹತ್ತಿರ ಹೋಗುವಂತೆ ದುಡ್ಡು ಮೊದಲೇ ಎತ್ತಿಡಿ. ವಾರಕ್ಕೆ ಒಂದು ದಿನ ಅಡುಗೆ ಮನೆಯಿಂದ ಅವಳನ್ನು ಹೊರಗಿಡಿ, ಆ ದಿನ ಅವಳೇನು ಮಾಡುತ್ತಾಳೆ ಎಂಬುದನ್ನು ಅವಳಿಗೇ ಬಿಡಿ. ಮತ್ತು ಅವಳ ಹೆಸರಿನ ಬ್ಯಾಂಕ್ ಖಾತೆಗೆ, ಅವಳ ಕೆಲಸಕ್ಕೆಂದು, ತಿಂಗಳು ತಿಂಗಳು ದುಡ್ಡು ಹಾಕಿ. ಅವಳು ಬೇಡ ಎನ್ನುತ್ತಾಳೆ, ನಿಜ. ಹಾಕಿ. ತೋಟಕ್ಕೆ ಬೋರ್‌ವೆಲ್ ಕೊರೆಸುತ್ತಾಳೋ, ಮಠದ ದಾಸೋಹಕ್ಕೆ ಕೊಡುತ್ತಾಳೋ, ಚೀಟಿ ಕಟ್ಟುತ್ತಾಳೋ, ಅದು ಅವಳ ಇಷ್ಟ.